ಮೂರು ದೋಣಿ, ಒಂದು ಜಗಲಿ

ನಮ್ಮ ಮನೆಯಲ್ಲಿ ಊಟದ ಮೇಜು ಇದ್ದೂ ನಾವು ಎಷ್ಟೋ ಭಾನುವಾರ ನೆಲದ ಮೇಲೆ ಕೂತು ಉಂಡಿದ್ದೇವೆ. ಅದನ್ನು ಕಂಡ ನೆಂಟರು, "ಆಹಾ, ಇನ್ನೂ ಹಳೇ ಪದ್ಧತಿ ಉಳಿಸ್ಕೊಂಡಿದೀರಲ್ಲಾ" ಎಂದು ಮೆಚ್ಚಿದ್ದೂ ಉಂಟು. ಪದ್ಧತಿಯೂ ಇಲ್ಲ, ಏನೂ ಇಲ್ಲ. ಮೇಜಿನ ಮೇಲೆ ಹಾಯಿದೋಣಿಯ ನಕ್ಷೆ ಹರಡಿರುತ್ತಿತ್ತು. ಸುರುಳಿ ಸುತ್ತಿಕೊಳ್ಳದಂತೆ ಅದರ ನಾಲ್ಕು ಮೂಲೆಗೆ ನನ್ನ ಉಪ್ಪಿನಕಾಯಿ ಜಾಡಿ, ಉಪ್ಪಿನ ಡಬ್ಬ, ತುಪ್ಪದ ಗಿಂಡಿ, ಕುಟ್ಟಾಣಿ ಇಟ್ಟಿರುತ್ತಿದ್ದರು ನಿಮ್ಮ ತಾತ. ನನಗೆ ಉಪ್ಪು ಬೇಕಾದರೆ ಒಂದು ಮೂಲೆ ಸುರುಳಿಯಾಗುತ್ತಿತ್ತು. ಅವರು "ಲೇ ಲೇ ಲೇ" ಎನ್ನುತ್ತಿದ್ದರು. ಹಾಗಾಗಿ ಕೆಲವು ಭಾನುವಾರ ನಮ್ಮ ಸಾರಿಗೆ ಉಪ್ಪು ಕಡಿಮೆ.

ಹೋದ ಭಾನುವಾರ ನೀವಿಬ್ಬರೂ ಜೆ.ಪಿ. ನಗರದಿಂದ ಬಂದು ಅದೇ ಮೇಜಿನ ಮೇಲೆ ಅವೇ ನಕ್ಷೆಗಳನ್ನು ಹರಡಿದಿರಿ. ಮೂಲೆಗಳಿಗೆ ನಿಮ್ಮ ಮೊಬೈಲುಗಳನ್ನು ಇಟ್ಟಿರಿ. ಅಷ್ಟರಮಟ್ಟಿಗೆ ಕಾಲ ಸುಧಾರಿಸಿದೆ.

"ಅಜ್ಜಿ, ತಾತ ಮೂರು ಪ್ಲ್ಯಾನ್ ಶಾರ್ಟ್‌ಲಿಸ್ಟ್ ಮಾಡಿ ಇಟ್ಟಿದ್ರು. ಫೈನಲ್ ನೀನೇ ಮಾಡ್ಬೇಕು," ಎಂದಳು ಸಿಂಚನಾ. ಆರ್ಕಿಟೆಕ್ಚರ್ ಓದುವ ಹುಡುಗಿ. ಗೆರೆ ಕಂಡರೆ ಅವಳ ಕಣ್ಣು ಥೇಟ್ ತಾತನ ಕಣ್ಣಿನ ಹಾಗೆ ಅರಳುತ್ತದೆ.

"ಮರ ಹೆಂಗೂ ಸೈಡಲ್ಲಿ ಬಿದ್ದಿದೆಯಲ್ಲಾ," ಎಂದ ಅವಳ ತಮ್ಮ ನಿಶಾಂತ. "ಸಖತ್ತಾಗಿರುತ್ತೆ ಅಜ್ಜಿ. ತಾತನ ಡ್ರೀಮು."

"ನೋಡೋಣ" ಎಂದು ನಾನು ಬಜ್ಜಿ ಹಿಟ್ಟು ಕಲಸಲು ಎದ್ದು ಹೋದೆ. ನೋಡೋಣ ಎನ್ನುವುದು ನನ್ನ ಇಡೀ ಜೀವಮಾನದ ಉತ್ತರ. ಆದರೆ 'ಮರ ಹೆಂಗೂ ಬಿದ್ದಿದೆ' ಎಂಬ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನಾನು ಮೀನು ತಿನ್ನುವವಳಲ್ಲ, ಆದರೂ ಹೀಗೇ ಇರಬೇಕು. ಆ ಮರ ನನ್ನದು. ಅದರಿಂದ ಏನಾಗಬೇಕು ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ. ನೀವೂ ಕೇಳಿದ್ದು ಯಾವ ದೋಣಿ ಎಂದು ಮಾತ್ರ. ಎದುರಿಗೆ ನನಗೆ ಮಾತು ಹೊರಡುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದವಳು ನಾನು. ಈಗಲೂ ಹಾಗೇ ತೋರಿಸುತ್ತಿದ್ದೇನೆ, ಓದಿಕೊಳ್ಳಿ.

ಮೊದಲು ನಿಮ್ಮ ತಾತನ ವಿಷಯ. ಅವರ ಕಸುಬು ಮನೆಗಳ ಪ್ಲ್ಯಾನ್ ಬರೆಯುವುದು. ಶ್ರೀನಗರದ ಬಸ್‌ಸ್ಟಾಪಿನ ಹಿಂದೆ, ಒಂದು ಝೆರಾಕ್ಸ್ ಅಂಗಡಿಯ ಮೇಲೆ, ಅವರ ಆಫೀಸು. ಮೂವತ್ತು ನಲವತ್ತರ ಸೈಟು ಹಿಡಿದುಕೊಂಡು ಜನ ಬರುತ್ತಿದ್ದರು. ಇವರು ಅದರಲ್ಲಿ ಗಾಳಿ ಬರುವ ಹಾಗೆ, ಬೆಳಕು ಬರುವ ಹಾಗೆ, ಸುತ್ತ ಕಾನೂನಿನಷ್ಟು ಜಾಗ ಬಿಟ್ಟು ಅಚ್ಚುಕಟ್ಟಾಗಿ ಬರೆದುಕೊಡುತ್ತಿದ್ದರು. ಪ್ಲ್ಯಾನು ಕಾರ್ಪೊರೇಷನ್ ಆಫೀಸಿನಲ್ಲಿ ಮಂಜೂರಾಗುತ್ತಿತ್ತು. ಆಮೇಲೆ ಜನ ಅದನ್ನು ಬೀರುವಿನಲ್ಲಿಟ್ಟು ತಮಗೆ ಬೇಕಾದ ಹಾಗೆ ಮನೆ ಕಟ್ಟಿಕೊಳ್ಳುತ್ತಿದ್ದರು.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದಲ್ಲಿ ಎರಡು ಮಹಡಿ, ಕಣ್ಣಿಗೆ ನಾಲ್ಕು. ಕಾಗದದಲ್ಲಿ ಗಿಡ ನೆಡುವ ಜಾಗ, ಕಣ್ಣಿಗೆ ಮೆಟ್ಟಿಲು. ಬಾಲ್ಕನಿ ಎಂಬುದು ಮಂಜೂರಾದ ದಿನದಿಂದಲೇ ಬೀದಿಯ ಕಡೆಗೆ ಬೆಳೆಯಲು ತೊಡಗುತ್ತದೆ. ಸಂಜೆ ವಾಕಿಂಗ್ ಎಂದು ನನ್ನನ್ನು ಗಿರಿನಗರದ ಕಡೆ ಕರೆದುಕೊಂಡು ಹೋದರೆ ಅದೊಂದು ಶೋಕಯಾತ್ರೆ. "ಇದು ನನ್ ಪ್ಲ್ಯಾನು. ಆ ಕಿಟಕಿ ಎಲ್ಲಿ? ಮುಚ್ಚಿ ಶೋಕೇಸ್ ಮಾಡಿದಾನೆ, ಮುಂಡೇದು. ಇದೂ ನಂದೇ. ಪೋರ್ಟಿಕೋ ನೋಡು, ಪೀಜಿಗೆ ಬಿಟ್ಟಿದಾನೆ." ಬೇರೆ ಹೆಂಗಸರ ಗಂಡಂದಿರು ವಾಕಿಂಗಿನಲ್ಲಿ ಪಾನಿಪೂರಿಯನ್ನಾದರೂ ಕೊಡಿಸುತ್ತಿದ್ದರು.

ಹೀಗೆ ಜೀವಮಾನವಿಡೀ ತನ್ನ ಒಂದು ಗೆರೆಯೂ ಎಳೆದ ಹಾಗೆ ಕಟ್ಟಿದ್ದನ್ನು ಕಾಣದ ಮನುಷ್ಯನ ಕೈಗೆ, ಜಯನಗರದ ಒಬ್ಬ ಗಿರಾಕಿಯ ಮನೆಯಲ್ಲಿ, ವಿದೇಶದ ಹಳೇ ಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಅದರ ತುಂಬ ಮರದ ಹಾಯಿದೋಣಿಗಳು. ಹಿಂದಿನ ಕಾಲದ ರೀತಿಯವು; ಬಿಳಿ ಹಾಯಿ, ಜೇನು ಬಣ್ಣದ ಮರ, ಹಿತ್ತಾಳೆಯ ತಿರುಪು. ಅವುಗಳ ನಕ್ಷೆ ತರಿಸಿಕೊಂಡು ಯಾರು ಬೇಕಾದರೂ ಕಟ್ಟಿಕೊಳ್ಳಬಹುದಂತೆ. ಎಳೆದ ಗೆರೆಗಿಂತ ಬೆರಳಗಲ ಆಚೀಚೆಯಾದರೂ ನೀರು ಒಪ್ಪುವುದಿಲ್ಲವಂತೆ. ಆ ಮಾತು ಅವರನ್ನು ಹಿಡಿದುಬಿಟ್ಟಿತು. "ಮನೆ ಸುಳ್ಳು ಹೇಳಿದ್ರೂ ನಿಂತಿರುತ್ತೆ ಕಣೇ. ದೋಣಿ ನಿಲ್ಲಲ್ಲ," ಎಂದರು. ನಾವಿರುವ ಹೊಸಕೆರೆಹಳ್ಳಿಯಿಂದ ಸಮುದ್ರಕ್ಕೆ ಯಾವ ದಿಕ್ಕಿನಲ್ಲಿ ಹೋದರೂ ಒಂದು ಇಡೀ ರಾತ್ರಿಯ ಬಸ್ಸು. ನಮ್ಮ ಕೆರೆಯಲ್ಲೇ ಮೊದಲು ತೇಲಿಸಿ ನೋಡಬಹುದು ಎಂದರು. ಆಗ ಆ ಕೆರೆಯಲ್ಲಿ ನೀರಿಗಿಂತ ಕಳೆಯೇ ಹೆಚ್ಚು. ದೋಣಿಗೆ ಹಾಯಿಯ ಬದಲು ಕುಡುಗೋಲು ಬೇಕಾಗುತ್ತಿತ್ತು. ನಾನು "ನೋಡೋಣ" ಎಂದೆ.

ದೋಣಿಯ ನಕ್ಷೆ ಮನೆಯ ನಕ್ಷೆಯಂತಲ್ಲ. ಮನೆಯನ್ನು ಮೇಲಿನಿಂದ ನೋಡಿ ಬರೆದರೆ ಮುಗಿಯಿತು. ದೋಣಿಯಲ್ಲಿ ನೇರ ಗೋಡೆಯೇ ಇಲ್ಲವಲ್ಲ, ಅದಕ್ಕೆ ಅದನ್ನು ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆಬಿಲ್ಲೆಯಾಗಿ ಕೊಯ್ದು ಒಂದೊಂದು ಬಿಲ್ಲೆಯ ಆಕಾರವನ್ನೂ ಬರೆಯುತ್ತಾರೆ. ಆ ಎಲ್ಲ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಹಲಗೆ ಬಗ್ಗಿಸಿ ಹೊಡೆದರೆ ದೋಣಿ. ಇದನ್ನು ನನಗೆ ತಿಳಿಸಲು ನಿಮ್ಮ ತಾತ ನಿಜವಾಗಿಯೂ ಒಂದು ಸೌತೆಕಾಯಿ ಕೊಯ್ದರು. ನನಗೆ ಆಮೇಲೆ ಅದನ್ನು ಕೋಸಂಬರಿಗೆ ಹಾಕುವ ಯೋಚನೆ, ಅವರಿಗೆ ಮತ್ತೆ ಜೋಡಿಸುವ ಯೋಚನೆ.

ಆರಿಸುವುದು ವರ್ಷಗಟ್ಟಲೆ ನಡೆಯಿತು. ಸೀರೆ ಆರಿಸುವ ಹೆಂಗಸರನ್ನು ಗೇಲಿ ಮಾಡುವವರು ಒಮ್ಮೆ ನಮ್ಮ ಮನೆಗೆ ಬರಬೇಕಿತ್ತು. ಎಷ್ಟೋ ತರಿಸಿ, ಎಷ್ಟೋ ಬಿಟ್ಟು, ಕೊನೆಗೆ ಉಳಿದದ್ದು ಮೂರು. ಮೊದಲನೆಯದು ಎರಡು ಕಂಬದ, ಮೂಗು ಚೂಪಾದ ಸುಂದರಿ. ಎರಡನೆಯದು ಕರಿಗಡುಬಿನ ಹಾಗೆ ಎರಡೂ ತುದಿ ಹಿಂಡಿದ್ದು. ಚಳಿದೇಶದ ಮೀನುಗಾರರು ಕಟ್ಟುತ್ತಿದ್ದ ಬಗೆ, ಎಂಥ ಅಲೆಗೂ ಜಗ್ಗುವುದಿಲ್ಲವಂತೆ. ಮೂರನೆಯದಕ್ಕೆ ಕೋಣೆಯೇ ಇಲ್ಲ. ಒಂದು ಕಂಬ, ಒಂದು ಹಾಯಿ, ಒಳಗೆ ಎರಡೂ ಪಕ್ಕ ಕೂರಲು ಉದ್ದನೆಯ ಹಲಗೆ. ಬೆಳಿಗ್ಗೆ ಹೋಗಿ ಸಂಜೆ ಬರುವಂಥದ್ದು.

ಮೂರರಲ್ಲಿ ಒಂದನ್ನು ಆರಿಸುವುದು ಏನು ಮಹಾ ಎನ್ನಬೇಡಿ. ಇಲ್ಲಿ ಅವರ ಕಸುಬು ಅವರ ಕಾಲಿಗೇ ತೊಡರಿಕೊಂಡಿತು. ಮನೆ ಪ್ಲ್ಯಾನು ಬರೆಯುವವರಿಗೆ ಆಯ ನೋಡುವುದು ಹಲ್ಲುಜ್ಜಿದಷ್ಟು ಅಭ್ಯಾಸ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷಕ್ಕೆ ಒಂದೊಂದು ಹೆಸರು: ಧ್ವಜ, ಸಿಂಹ, ಗಜ ಬಂದರೆ ಒಳ್ಳೆಯದು, ಕತ್ತೆ, ಕಾಗೆ ಬಂದರೆ ಕೆಟ್ಟದ್ದು. ಕೆಟ್ಟದ್ದು ಬಂದರೆ ಗೋಡೆಯನ್ನು ಒಂದಿಷ್ಟು ಸರಿಸಿ ಒಳ್ಳೆಯದು ಮಾಡಿಕೊಡುತ್ತಾರೆ. ನಿಮ್ಮ ತಾತ ದೋಣಿಗೂ ಆಯ ನೋಡಿದರು. ಎರಡು ಕಂಬದ ಸುಂದರಿಗೆ ಕತ್ತೆ ಬಂತು. ಕರಿಗಡುಬಿಗೆ ಕಾಗೆ.

ಸರಿ, ಸುಂದರಿಯನ್ನು ನಾಲ್ಕಾರು ಅಂಗುಲ ಉದ್ದ ಮಾಡಿಕೊಳ್ಳಬಹುದೇ ಎಂದು ಅದರ ನಕ್ಷೆ ಬರೆದ ದೂರದ ದೇಶದ ಮುದುಕರೊಬ್ಬರಿಗೆ ಇಮೇಲ್ ಕಳಿಸಿದರು. ಕಾರಣವನ್ನೂ ಪ್ರಾಮಾಣಿಕವಾಗಿ ತಿಳಿಸಿದರು. ಅವರು ಬಹಳ ಮರ್ಯಾದೆಯಿಂದಲೇ ಉತ್ತರ ಬರೆದರು: ಉದ್ದ ಬದಲಾದರೆ ತೂಕ ಬದಲಾಗುತ್ತದೆ, ತೂಕ ಬದಲಾದರೆ ಹಾಯಿ ಬದಲಾಗುತ್ತದೆ, ಆಗ ಅದು ನನ್ನ ದೋಣಿಯಲ್ಲ, ತಾವು ಬೇರೆ ದೋಣಿಯನ್ನು ನೋಡಿಕೊಳ್ಳುವುದು ಒಳಿತು. ತಮ್ಮ ಗೆರೆಯನ್ನು ಜನ ಮುರಿಯುತ್ತಾರೆಂದು ಗಿರಿನಗರದ ಬೀದಿಬೀದಿಯಲ್ಲಿ ಗೋಳಾಡಿದವರು, ಇನ್ನೊಬ್ಬರ ಗೆರೆಯನ್ನು ಹಿಗ್ಗಿಸಲು ಹೋಗಿ ಬೈಸಿಕೊಂಡು ಬಂದಿದ್ದರು. ಅದು ಅವರಿಗೆ ಹೊಳೆಯಿತೋ ಇಲ್ಲವೋ ತಿಳಿಯದು. ನನಗೆ ಹೊಳೆಯಿತು. ನಾನು ಒಗ್ಗರಣೆ ಜೋರಾಗಿ ಹಾಕಿದೆ.

ಇನ್ನು ವಾಸ್ತು. ಒಲೆ ಆಗ್ನೇಯದಲ್ಲಿ ಇರಬೇಕು.

"ರೀ, ದೋಣಿ ತಿರುಗುತ್ತಲ್ಲಾ. ತಿರುಗಿದ್ರೆ ಆಗ್ನೇಯ ಎಲ್ಲಿಗೆ ಹೋಗುತ್ತೆ?" ಎಂದು ಒಮ್ಮೆ ಕೇಳಿದೆ. ನಾನು ಕೇಳುವುದೇ ಅಪರೂಪ.

ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಕ್ಷೆಯನ್ನೇ ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ ನೋಡಿದರು. "ಹೊರಡೋವಾಗ ಯಾವ ಕಡೆ ಇರುತ್ತೋ ಅದೇ ಲೆಕ್ಕ," ಎಂದರು.

ಆ ಮೂರನೆಯ ಬಡಪಾಯಿ ದೋಣಿಗೆ ಮಾತ್ರ, ಯಾರೂ ಕೈಹಾಕದೆಯೇ, ಧ್ವಜಾಯ ತಾನಾಗಿ ಬಂದಿತ್ತು. ಆದರೆ ಅದರಲ್ಲಿ ಅಡುಗೆಮನೆ ಇರಲಿಲ್ಲವಲ್ಲ. "ಮಲಗಕ್ಕಾಗಲ್ಲ, ಬೇಯಿಸ್ಕೊಳಕ್ಕಾಗಲ್ಲ, ಅದೆಂಥ ದೋಣಿ," ಎಂದು ಅದನ್ನು ಕಟ್ಟಿನ ತಳಕ್ಕೆ ಹಾಕಿದರು.

ಈಗ ಅಡುಗೆಮನೆಯ ವಿಷಯ. ಒಂದು ದಿನ ಕುಟ್ಟಾಣಿ ತೆಗೆದುಕೊಳ್ಳಲು ಹೋದವಳು ಸುಂದರಿಯ ನಕ್ಷೆಯನ್ನು ಬಗ್ಗಿ ನೋಡಿದೆ. ಒಂದು ಮೂಲೆಯಲ್ಲಿ ಚಿಕ್ಕ ಒಲೆ. ದೋಣಿ ಎತ್ತ ವಾಲಿದರೂ ಒಲೆ ಮಾತ್ರ ತೊಟ್ಟಿಲಿನ ಹಾಗೆ ತೂಗಿ ಸಮವಾಗಿ ನಿಲ್ಲುತ್ತದಂತೆ, ಪಾತ್ರೆಯ ಹಾಲು ಚೆಲ್ಲದಂತೆ. ಅದರ ಮುಂದೆ ಎರಡು ಕೊಂಡಿ, ನಡುವೆ ಒಂದು ಪಟ್ಟಿ ಬರೆದಿತ್ತು.

"ಇದೇನ್ರೀ, ಒಲೆ ಮುಂದೆ ಬೆಲ್ಟು?"

"ಅದಾ? ಅಲೆ ಜೋರಾದಾಗ ಅಡುಗೆ ಮಾಡೋರು ಬೀಳಬಾರ್ದು ಅಂತ. ಸೊಂಟದ ಹಿಂದೆ ಹಾಯಿಸಿ ಕಟ್ಕೊಂಡ್ರೆ ಎರಡು ಕೈನೂ ಫ್ರೀ."

"ಯಾರು ಕಟ್ಕೊಳೋದು?"

"ನೀನೇ, ಇನ್ಯಾರು? ನೋಡು, ಹೆಂಗಸ್ರ ಬಗ್ಗೆ ಎಷ್ಟು ಯೋಚ್ನೆ ಮಾಡಿದಾರೆ!" ಅವರ ಮುಖದಲ್ಲಿ ಕಪಟವಿರಲಿಲ್ಲ. ನನಗೆ ಒಡವೆ ತೋರಿಸುವವರ ಹಾಗೆ ಬೆರಳಿಟ್ಟು ತೋರಿಸುತ್ತಿದ್ದರು.

ಅಷ್ಟು ವರ್ಷಗಳ ನಕ್ಷೆಗಳಲ್ಲಿ ನನಗೆ ಮೀಸಲಾಗಿ ಸಿಕ್ಕ ಜಾಗ ಅದೊಂದೇ, ಮಕ್ಕಳೇ. ಮಲಗುವ ಹಲಗೆಗಳ ಮೇಲೆ ಯಾರ ಹೆಸರೂ ಇರಲಿಲ್ಲ, ಚುಕ್ಕಾಣಿಯ ಬಳಿ ಯಾರು ನಿಲ್ಲುತ್ತಾರೆಂದು ಹೇಳಬೇಕಾಗಿರಲಿಲ್ಲ. ಒಲೆಯ ಮುಂದೆ ಮಾತ್ರ ಬರೆದವರಿಗೂ ಓದಿದವರಿಗೂ ಯಾವ ಅನುಮಾನವೂ ಇರಲಿಲ್ಲ. ಇಷ್ಟು ವರ್ಷ ಈ ಮನೆಯ ಒಲೆಯ ಮುಂದೆ ನಾನು ಯಾವ ಪಟ್ಟಿಯೂ ಇಲ್ಲದೆಯೇ ಕದಲದೆ ನಿಂತಿದ್ದೇನೆ. ಸಮುದ್ರದವರು ಪಾಪ, ಪ್ರಾಮಾಣಿಕರು. ಕಟ್ಟಿಹಾಕಿದ್ದೇವೆ ಎಂದು ನಕ್ಷೆಯಲ್ಲೇ ಬರೆದು ತೋರಿಸುತ್ತಾರೆ.

ನಮ್ಮ ಈ ಮನೆಯ ನಕ್ಷೆಯೂ ನಿಮ್ಮ ತಾತನದೇ. ಅವರು ಬರೆದ ನಕ್ಷೆಗಳಲ್ಲಿ ನನಗೆ ಬಾಯಿಪಾಠವಾಗಿದ್ದದ್ದು ಅದೊಂದೇ, ಏಕೆಂದರೆ ಅದರ ಮುಂಭಾಗದಲ್ಲಿ ಒಂದು ಜಗಲಿ ಇತ್ತು. ನಮ್ಮೂರಲ್ಲಿ ಸಂಜೆಯಾದರೆ ಹೆಂಗಸರೆಲ್ಲ ಜಗಲಿಗೆ ಬಂದು ಕೂರುತ್ತಿದ್ದರು. ಮಾತಾಡದಿದ್ದರೂ ನಡೆಯುತ್ತಿತ್ತು, ಬೀದಿ ನೋಡುತ್ತಾ ಕೂರಬಹುದಿತ್ತು. ನನ್ನಂಥ ಸಂಕೋಚದವಳಿಗೆ ಜಗತ್ತಿನೊಂದಿಗೆ ಇರಲು ಗೊತ್ತಿದ್ದ ದಾರಿ ಅದೊಂದೇ. ನಕ್ಷೆಯಲ್ಲಿ 'ಜಗಲಿ' ಎಂದು ಅವರ ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಕಟ್ಟುವಾಗ ಅಲ್ಲಿ ಕಾರು ನಿಲ್ಲಿಸುವ ಜಾಗ ಬಂತು. ನಮ್ಮಲ್ಲಿ ಆಗ ಕಾರಿರಲಿಲ್ಲ. ಮುಂದೆ ಬರಬಹುದಾದ ಕಾರು. ಅಡುಗೆಮನೆ ಆಗ್ನೇಯಕ್ಕೆ ಹೋಗಿ, ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯಿತು. ಆ ಗೋಡೆಗೆ ಆ ಮನೆಯವರು ಇದುವರೆಗೆ ಯಾವ್ಯಾವ ಬಣ್ಣ ಹೊಡೆಸಿದ್ದಾರೆ ಎಂದು ನಾನು ಸರಿಯಾಗಿ ಹೇಳಬಲ್ಲೆ.

"ಜಗಲಿ?" ಎಂದು ಕೇಳಿದ್ದೆ.

"ಅಡ್ಜಸ್ಟ್ ಮಾಡ್ಕೋಬೇಕು ಕಣೇ, ಸೈಟು ಎಷ್ಟಿದೆ ನೋಡು," ಎಂದಿದ್ದರು. ಬೇರೆಯವರು ಹೀಗೆ ನಕ್ಷೆ ಬಿಟ್ಟು ಕಟ್ಟಿದಾಗ ಅದು ಡೀವಿಯೇಷನ್ನು.

ಆಮೇಲೆ ಮರ ಬಂತು. ನಮ್ಮ ತಂದೆಯ ಮನೆ ಬೀಳಿಸುವಾಗ ತಮ್ಮಂದಿರು ನನ್ನನ್ನು ಕರೆಸಿ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡರು. ಹೆಣ್ಣುಮಕ್ಕಳು ಸಹಿ ಹಾಕುವುದು, ಮಡಿಲಿಗೆ ಸೀರೆ ಅರಿಶಿನ ಕುಂಕುಮ ಹಾಕಿಸಿಕೊಂಡು ಬರುವುದು, ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವ ಕ್ರಮ. "ಅಕ್ಕ, ಇನ್ನೇನಾದ್ರೂ ಬೇಕಾದ್ರೆ ಕೇಳಕ್ಕ," ಎಂದ ಚಿಕ್ಕವನು, ಸಹಿ ಒಣಗಿದ ಮೇಲೆ. ನಾನು ನಡುಮನೆಯ ಹೊನ್ನೆ ಮರದ ತೊಲೆಗಳನ್ನು ಕೇಳಿದೆ. ಎಲ್ಲರೂ ನಕ್ಕರು. ಬೆಂಗಳೂರಲ್ಲಿ ಮರ ಇಟ್ಟುಕೊಂಡು ಅಕ್ಕ ಏನು ಮಾಡುತ್ತಾಳೆ? ಬೆಂಚು ಮಾಡಿಸುತ್ತಾಳೆ. ಅಗಲವಾದ, ಕಾಲು ಮಡಚಿ ಕೂರಬಹುದಾದ ಒಂದು ಬೆಂಚು, ಕಾರು ಬಾರದ ಆ ಜಾಗದಲ್ಲಿ ಹಾಕಿಸುತ್ತಾಳೆ. ಆದರೆ ಅಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಲಾರಿ ಬಂದಾಗ ನಿಮ್ಮ ತಾತ ತಾವೇ ಕೈಹಾಕಿ ಇಳಿಸಿಕೊಂಡರು. ತವರಿನಿಂದ ಬಂದ ಯಾವುದನ್ನೂ ಅವರು ಅಷ್ಟು ಪ್ರೀತಿಯಿಂದ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಉಗುರಿನಿಂದ ಕೆರೆದು ಮೂಸಿ ನೋಡಿ, "ಲೇ, ಏನ್ ಮರಾನೇ ಇದು! ದೋಣಿಗೆ ಹೇಳಿ ಮಾಡ್ಸಿದ ಹಾಗಿದೆ!" ಎಂದರು.

"ನಾನು ಒಂದು ಬೆಂಚು..." ಎಂದೆ.

"ಬೆಂಚಾ? ಇಂಥ ಮರದಲ್ಲಾ?" ಎಂದು ನಕ್ಕರು. ಕೋಪ ಮಾಡಿಕೊಂಡಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆನೇನೋ. ನಗುವ ಮನುಷ್ಯನ ಎದುರು ಏನು ಹೇಳುವುದು? ಮರ ಪಕ್ಕದ ಸಂದಿಗೆ ಹೋಗಿ ಟಾರ್ಪಾಲಿನ ಕೆಳಗೆ ಮಲಗಿತು. ಒಮ್ಮೆ ನಮ್ಮ ಬೀದಿಯ ಬಡಗಿಯನ್ನು ಕರೆದು ನಕ್ಷೆ ತೋರಿಸಿದರು. ಆತ ಅದನ್ನು ಉಲ್ಟಾ ಹಿಡಿದು ನೋಡಿ, "ಸಾರ್, ಪ್ಲೈವುಡ್ಡಲ್ಲಿ ಮಾಡಿ ಮೇಲೆ ಸನ್‌ಮೈಕಾ ಹಾಕ್ಕೊಡ್ಲಾ?" ಎಂದ. ಅಂದು ನಿಮ್ಮ ತಾತ ಊಟ ಮಾಡಲಿಲ್ಲ. ಮತ್ತೆ ಯಾವ ಬಡಗಿಯನ್ನೂ ಕರೆಯಲಿಲ್ಲ. ಕಟ್ಟಿದ್ದರೆ ಎಲ್ಲೋ ಒಂದು ಕಡೆ ಗೆರೆ ತಪ್ಪುತ್ತಿತ್ತು. ಆರಿಸುತ್ತಲೇ ಇದ್ದರೆ ತಪ್ಪುವ ಹಾಗಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೇ ಎಂದು ನನಗೆ ತಡವಾಗಿ ತಿಳಿಯಿತು. ಆದರೆ ತಪ್ಪಿಲ್ಲದ ಆ ದೋಣಿಗಾಗಿ ಒದ್ದೆಯಾಗುತ್ತಾ ಒಣಗುತ್ತಾ ಬಿದ್ದಿದ್ದದ್ದು ನನ್ನ ಬೆಂಚು.

ಸಮುದ್ರವನ್ನು ನಾನು ನೋಡಿರುವುದು ಒಂದೇ ಸಲ. ಶಾಲೆಯಲ್ಲಿ ಸಮುದ್ರವೆಂದರೆ ನಕ್ಷೆಯ ಅಂಚಿಗೆ ಉಜ್ಜುವ ನೀಲಿ ಸೀಮೆಸುಣ್ಣ. ನಿಮ್ಮಮ್ಮ ಉಮಾ ಕಾಲೇಜಿನಲ್ಲಿದ್ದಾಗ ಎಲ್ಲರೂ ಮಲ್ಪೆಗೆ ಹೋಗಿದ್ದೆವು. ಎಲ್ಲರೂ ನೀರಿಗೆ ಇಳಿದರು. ಚಪ್ಪಲಿ, ಚೀಲ, ಗಡಿಯಾರಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ. ನಾನು ಸಮುದ್ರಕ್ಕೆ ಬೆನ್ನು ಹಾಕಿ ಚಪ್ಪಲಿಗಳ ಮುಂದೆ ಕೂತೆ. ರಸ್ತೆಯ ಕಡೆಯಿಂದ ನಾಯಿಗಳು ಬರುತ್ತಿದ್ದವು. ನಿಮ್ಮ ತಾತ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದರಂತೆ. ಒದ್ದೆ ಕಾಲಲ್ಲಿ ಬಂದು ಚಪ್ಪಲಿ ಮೆಟ್ಟುತ್ತಾ, "ನೋಡಿದ್ಯಾ, ಏನ್ ಸಮುದ್ರ!" ಎಂದರು. "ಹ್ಞೂಂ" ಎಂದೆ.

ಅವರು ತೀರಿಕೊಂಡಾಗ ಬಂದವರೆಲ್ಲ ಗೋಡೆಯ ಮೇಲಿನ ದೋಣಿಯ ಚಿತ್ರ ನೋಡಿ, "ಎಂಥಾ ಕನಸುಗಾರ್ರು" ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ತಿಥಿಯೂಟದ ಎಲೆ ಎತ್ತುತ್ತಾ ಒಂದು ಯೋಚನೆ ಬಂತು. ಗಂಡಸು ಕಾಗದದ ಮೇಲೆ ಹರಡಿಕೊಂಡು ಮೇಜೆಲ್ಲ ತುಂಬಿಸಿದರೆ ಅದು ಕನಸು. ಹೆಂಗಸಿಗೆ ಒಂದು ಬೆಂಚು ಬೇಕೆನಿಸಿದರೆ ಅದು 'ಏನೋ ಆಸೆ'. ಕನಸು ತೀರದೆ ಹೋದರೆ ಜನ ಮರುಗುತ್ತಾರೆ, ಮೊಮ್ಮಕ್ಕಳು ಬಂದು ಪೂರ್ತಿ ಮಾಡುತ್ತೇವೆ ಎನ್ನುತ್ತಾರೆ. ಆಸೆ ತೀರದೆ ಹೋದದ್ದು ಯಾರಿಗೂ ತಿಳಿಯುವುದೇ ಇಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕೇಳಿದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಯಾವ ದೋಣಿ ಎಂದು ನಾನು ಆರಿಸಿದ್ದೇನೆ. ಮೂರನೆಯದು, ಕಟ್ಟಿನ ತಳಕ್ಕೆ ಬಿದ್ದದ್ದು. ಆಯವೂ ಸರಿಯಿದೆ, ತಾತನೂ ಒಪ್ಪಲೇಬೇಕು. ಅಡುಗೆಮನೆ ಇಲ್ಲ, ಆದ್ದರಿಂದ ಯಾರನ್ನೂ ಯಾವುದಕ್ಕೂ ಕಟ್ಟಬೇಕಾಗಿಲ್ಲ. ಹತ್ತಿದವರೆಲ್ಲ ಹಲಗೆಯ ಮೇಲೆ ಕೂತು ನೀರು ನೋಡಬಹುದು. ಹಸಿವಾದರೆ ದಡಕ್ಕೆ ಬಂದು ಹೋಟೆಲಿಗೆ ಹೋಗಿ.

ಆದರೆ ಕಟ್ಟಲು ತೊಡಗುವುದು ಅಡಿಯಿಂದಲ್ಲ, ಆ ಕೂರುವ ಹಲಗೆಯಿಂದ. ಮರ ನನ್ನದು, ಕ್ರಮವೂ ನನ್ನದು. ಸಿಂಚನಾ, ನಕ್ಷೆಯಲ್ಲಿ ಇರುವ ಅಳತೆಗೆ ಒಂದು ನೂಲೂ ಹೆಚ್ಚುಕಡಿಮೆ ಆಗಕೂಡದು. ತಾತ ಇಟ್ಟುಹೋದ ಗೆರೆಗಳಲ್ಲಿ ಒಂದಾದರೂ ಕೊನೆಗೆ ಎಳೆದ ಹಾಗೇ ಕಟ್ಟಿದಂತಾಗಲಿ. ನಾಲ್ಕು ಕಾಲು ಹಚ್ಚಿ ಅದನ್ನು ಮನೆಯ ಮುಂದೆ ಕಾರು ಬಾರದ ಜಾಗದಲ್ಲಿಡಿ. ಉಳಿದ ದೋಣಿ ಬರುವ ತನಕ ಅಲ್ಲಿರಲಿ. ನಿಮ್ಮ ಪರೀಕ್ಷೆಗಳಿವೆ, ಕೆಲಸಗಳು ಬರುತ್ತವೆ, ದೋಣಿಗೆ ಅವಸರವಿಲ್ಲ. ಅದು ಕಾಯುವುದನ್ನು ಚೆನ್ನಾಗಿ ಕಲಿತಿದೆ.

ಒಂದು ತೊಂದರೆ ಇದೆ, ನಾನೇ ನಕ್ಷೆ ನೋಡಿ ಕಂಡುಕೊಂಡೆ. ದೋಣಿಯ ಪಕ್ಕ ಬಾಗಿರುವುದರಿಂದ ಹಲಗೆಯೂ ಬಾಗಿರುತ್ತದೆ. ನಮ್ಮ ಮನೆಯ ಗೋಡೆ ನೇರ. ಹಲಗೆ ಗೋಡೆಗೆ ಪೂರ್ತಿ ಕೂರುವುದಿಲ್ಲ, ಹಿಂದೆ ಸ್ವಲ್ಪ ಸಂದಿ ಉಳಿಯುತ್ತದೆ. ಅದನ್ನು ಮುಚ್ಚಿಸಲು ಹೋಗಬೇಡಿ. ಅಲ್ಲಿ ಚಪ್ಪಲಿ ಬಿಡಬಹುದು, ಒಂದು ಜೊತೆ ಸರಿಯಾಗಿ ಹಿಡಿಸುತ್ತದೆ. ನನ್ನದನ್ನು ಬಿಟ್ಟುಕೊಂಡು, ಬೀದಿಗೆ ಮುಖ ಮಾಡಿ ಕೂರುತ್ತೇನೆ. ನಿಮ್ಮ ಚಪ್ಪಲಿಗಳನ್ನು ನೀವೇ ನೋಡಿಕೊಳ್ಳಿ.